ಹೊಸ ಪೀಳಿಗೆ ಅಂದರೆ ಯಾರು? – ಇಂಜಿನಿಯರಿಂಗ್ ಪಾಠಪಟ್ಟಿಯ ಒಂದು ಓದು

1

ಈಗ ಇಂಜಿನಿಯರಿಂಗ್ ಕಾಲೇಜುಗಳ ವೇದಿಕೆಗಳಲ್ಲಿ ಒಂದೇ ಮಾತು ಕೇಳಿಬರುತ್ತಿದೆ. ಹೊಸ ಪೀಳಿಗೆ ಬಂದಿದೆ, ಅದಕ್ಕೆ ತಕ್ಕಂತೆ ಶಿಕ್ಷಣ ಬದಲಾಗಬೇಕು. ಭಾಷಣ ಮಾಡುವವರು ಮುಂದುವರಿದು ಹೇಳುತ್ತಾರೆ: ಈ ಹುಡುಗರ ಕೈಯಲ್ಲಿ ಮೊಬೈಲಿದೆ, ಹತ್ತು ನಿಮಿಷದ ಮೇಲೆ ಇವರ ಲಕ್ಷ್ಯ ನಿಲ್ಲುವುದಿಲ್ಲ, ಪುಸ್ತಕ ಮುಟ್ಟುವುದಿಲ್ಲ, ಕೇಳಿದ್ದಕ್ಕೆಲ್ಲ ಯಂತ್ರದಿಂದ ಉತ್ತರ ತೆಗೆಯುತ್ತಾರೆ. ಆದ್ದರಿಂದ ಪಾಠವನ್ನು ತುಂಡು ಮಾಡಿ, ವಿಡಿಯೋ ಮಾಡಿ, ಆಟದ ಹಾಗೆ ಮಾಡಿ. ಸಭೆ ಮುಗಿಯುತ್ತದೆ. ಶಾಲು, ಹಾರ, ಫೋಟೋ.

ನಮ್ಮ ತಕರಾರು ಇರುವುದು ‘ಹೊಸ’ ಎಂಬ ಆ ಒಂದು ಪದದ ಬಗ್ಗೆ. ಅಜ್ಜ ಓವರ್ಸಿಯರ್, ಅಪ್ಪ ಇಂಜಿನಿಯರ್ ಆಗಿದ್ದ ಮನೆಯ ಹುಡುಗನ ಕೈಗೆ ಮೊಬೈಲು ಬಂದ ಮಾತ್ರಕ್ಕೆ ಅವನು ಹೊಸ ಪೀಳಿಗೆ ಆಗುವುದಿಲ್ಲ. ಅವನು ಹಳೆಯ ಪೀಳಿಗೆಯ ಮೂರನೆಯ ಮುದ್ರಣ. ರಾಮದುರ್ಗ ತಾಲೂಕಿನ ನಮ್ಮ ಸುರೇಬಾನದಂಥ ಊರಿನಿಂದ, ಮಗ್ಗದ ಮನೆಯಿಂದ, ಕೂಲಿಯವರ ಓಣಿಯಿಂದ, ಮನೆತನದಾಗ ಮೊದಲನೇ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿ ಅದಾಳಲ್ಲ, ಆಕಿ ಹೊಸ ಪೀಳಿಗೆ. ‘ಸೆಮಿಸ್ಟರ್’ ಅನ್ನೂ ಶಬ್ದ ಆ ಮನಿಯೊಳಗ ಬಂದದ್ದ ಆಕಿಯಿಂದ. ಆಕಿ ನಾಪಾಸಾದರ ಯಾಕ ಆದಳು ಅಂತ ತಿಳಿಸಿ ಹೇಳಾಕ ಆ ಮನ್ಯಾಗ ಯಾರೂ ಇಲ್ಲ.

ಈ ಇಬ್ಬರನ್ನೂ ‘ಮೊಬೈಲ್ ಪೀಳಿಗೆ’ ಎಂಬ ಒಂದೇ ಚೀಲದಲ್ಲಿ ತುಂಬುವುದರಲ್ಲಿ ಒಂದು ಅನುಕೂಲವಿದೆ. ಮೊಬೈಲಿನ ಮಾತಾಡಿದರೆ ಜಾತಿಯ ಮಾತಾಡಬೇಕಾಗುವುದಿಲ್ಲ. ಲಕ್ಷ್ಯ ಕಡಿಮೆಯಾಗಿದೆ ಎಂದರೆ ಹಾಸ್ಟೆಲ್ ಕಡಿಮೆ, ಊಟ ಕಡಿಮೆ, ಫೀ ಕಟ್ಟಲು ರೊಕ್ಕ ಕಡಿಮೆ ಎಂಬುದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳುವುದಿಲ್ಲ.

ಕವಿತೆ ಬರೆಯುವವರಿಗೆ ಇಂಜಿನಿಯರಿಂಗ್ ಪಾಠಪಟ್ಟಿಯ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದ ಹಿರಿಯರು ನಮಗೆ ಓದುವ ಒಂದು ರೀತಿ ಕಲಿಸಿದರು. ಕೃತಿಯೊಳಗೆ ಯಾರು ಮಾತಾಡುತ್ತಾರೆ, ಯಾರ ಬಗ್ಗೆ ಮಾತಾಡುತ್ತಾರೆ, ಯಾರು ಕಾಣೆಯಾಗಿದ್ದಾರೆ ಎಂದು ಕೇಳುವ ರೀತಿ ಅದು. ಪಾಠಪಟ್ಟಿಯೂ ಒಂದು ಕೃತಿಯೇ. ಕಾದಂಬರಿಯೊಂದನ್ನು ಸಾವಿರ ಜನ ಓದಿದರೆ ಹೆಚ್ಚು. ಪಾಠಪಟ್ಟಿಯನ್ನು ಲಕ್ಷಗಟ್ಟಲೆ ಹುಡುಗರು ಬಾಯಿಪಾಠ ಮಾಡುತ್ತಾರೆ. ಹಾಗಾದರೆ ವಿಮರ್ಶೆ ಅದನ್ನು ಮುಟ್ಟದೆ ಬಿಡುವುದು ಯಾವ ನ್ಯಾಯ?

2

ಮೊದಲು ಬಾಗಿಲಿನ ಚರಿತ್ರೆ. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಕಟ್ಟಿದವರು ದಿವಾನ್ ವಿಶ್ವೇಶ್ವರಯ್ಯನವರು. ಮರುವರ್ಷ, 1918ರಲ್ಲಿ, ಸರಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಎಷ್ಟು ಎಂದು ನೋಡಲು ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಹಿಂದುಳಿದವರಿಗೆ ಓದು ಸಿಗಲಿ ಎಂದಿದ್ದ ದಿವಾನರೇ ನೌಕರಿಯಲ್ಲಿ ಮೀಸಲು ಕೊಟ್ಟರೆ ದಕ್ಷತೆ ಕೆಡುತ್ತದೆ ಎಂದು ಒಪ್ಪಲಿಲ್ಲ, ದಿವಾನಗಿರಿ ಬಿಟ್ಟರು. ಕನ್ನಂಬಾಡಿಯ ನೀರು ಕುಡಿದ ನಾಡು ಆ ಕೆಲಸವನ್ನು ಹಗುರ ಮಾಡಬೇಕಿಲ್ಲ. ಆದರೆ ಈ ಎರಡು ಸಂಗತಿಗಳನ್ನು ನಮ್ಮ ಪುಸ್ತಕಗಳು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿವೆ. ಒಂದು ತಂತ್ರಜ್ಞಾನದ ಚರಿತ್ರೆ, ಇನ್ನೊಂದು ಮೀಸಲಾತಿಯ ಚರಿತ್ರೆ. ಒಂದೇ ಪುಟದಲ್ಲಿಟ್ಟು ಓದಿದರೆ ತಿಳಿಯುತ್ತದೆ: ‘ದಕ್ಷತೆ’ ಎಂಬ ಶಬ್ದ ಅವತ್ತು ಇಂಜಿನಿಯರಿಂಗ್ ಕಾಲೇಜಿನ ಒಳಗೆ ಬಂದು ಕೂತದ್ದು ಇನ್ನೂ ಎದ್ದು ಹೋಗಿಲ್ಲ.

ನಮ್ಮ ಸೀಮೆ ಆಗ ಮೈಸೂರಿನದಲ್ಲ, ಮುಂಬಯಿ ಕಡೆಯದು. ಇಲ್ಲಿ ಬಾಗಿಲು ತಡವಾಗಿ ತೆರೆಯಿತು. 1947ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ., 1963ರಲ್ಲಿ ಬಾಗಲಕೋಟೆಯ ಬಸವೇಶ್ವರ, 1979ರಲ್ಲಿ ಬೆಳಗಾವಿಯ ಗೋಗಟೆ. 1998ರಲ್ಲಿ ಬೆಳಗಾವಿಯಲ್ಲೇ ವಿಶ್ವೇಶ್ವರಯ್ಯನವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ ಬಂತು. 2007ರಲ್ಲಿ ಹಾವೇರಿ, ಕಾರವಾರ, ಹೂವಿನಹಡಗಲಿಯಂಥ ಊರುಗಳಿಗೆ ಸರಕಾರಿ ಇಂಜಿನಿಯರಿಂಗ್ ಕಾಲೇಜು ಬಂದವು. ಸಿಇಟಿ ಸೀಟು ಹಂಚುವಾಗ ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಎಂಬ ಲೆಕ್ಕ ಬಂತು. 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲು 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ್ದು 3ರಿಂದ 7ಕ್ಕೆ ಏರಿತು. ಇದ್ಯಾವುದೂ ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ಬೀದಿಗಿಳಿದು ಕೂಗಿದವರ ಗಂಟಲು ಇದರ ಹಿಂದಿದೆ.

ಹೀಗೆ ಬೆಂಚಿನ ಮೇಲೆ ಕೂತವರು ಬದಲಾದರು. ಬೋರ್ಡಿನ ಮೇಲೆ ಬರೆಯುವುದು ಬದಲಾಗಲಿಲ್ಲ. ನಮ್ಮ ವಿಮರ್ಶೆಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಬೋರ್ಡಿನ ಮೇಲೆ ಏನಿದೆ ಎಂದು ಒಂದೆರಡು ಪುಟ ತೆರೆದು ನೋಡೋಣ.

3

ಸಿವಿಲ್ ಇಂಜಿನಿಯರಿಂಗಿನಲ್ಲಿ ಒಳಚರಂಡಿಯ ಅಧ್ಯಾಯವಿದೆ. ಕೊಳವೆಯ ಇಳಿಜಾರು ಎಷ್ಟಿರಬೇಕು, ನೀರು ಯಾವ ವೇಗದಲ್ಲಿ ಹರಿದರೆ ಹೊಲಸು ತಳದಲ್ಲಿ ಕೂಡುವುದಿಲ್ಲ ಎಂಬ ಲೆಕ್ಕ ಅಲ್ಲಿದೆ. ಕೊಳವೆ ತಿರುಗುವಲ್ಲಿ, ಎರಡು ಕೊಳವೆ ಕೂಡುವಲ್ಲಿ, ಇಳಿಜಾರು ಬದಲಾಗುವಲ್ಲಿ, ನೇರ ಸಾಲಿನಲ್ಲಾದರೆ ಇಂತಿಷ್ಟು ದೂರಕ್ಕೊಂದು ಮ್ಯಾನ್‌ಹೋಲ್ ಇಡಬೇಕು. ಅದರ ಬಾಯಿ ಎಷ್ಟು ಅಗಲ? ಮನುಷ್ಯ ಇಳಿಯುವಷ್ಟು. ಹೆಸರಿನಲ್ಲೇ ಮನುಷ್ಯ ಇದ್ದಾನೆ. ಯಾವ ಮನುಷ್ಯ ಎಂಬುದನ್ನು ಪಾಠ ಹೇಳುವುದಿಲ್ಲ. ಅವನು ಯಾವ ಓಣಿಯವನು, ಅವನ ಜಾತಿ ಯಾವುದು, ಅವನ ಅಪ್ಪನೂ ಇದರೊಳಗೆ ಇಳಿದಿದ್ದನೇ ಎಂಬುದು ಪರೀಕ್ಷೆಗೆ ಬರುವುದಿಲ್ಲ.

ಅದೇ ಅಧ್ಯಾಯದಲ್ಲಿ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಗಾಳಿಯಾಡದ ಹೊಲಸಿನಲ್ಲಿ ಸೂಕ್ಷ್ಮಜೀವಿಗಳು ಈ ಅನಿಲವನ್ನು ಹುಟ್ಟಿಸುತ್ತವೆ. ಅದು ಮೇಲೆದ್ದು ಕೊಳವೆಯ ನೆತ್ತಿಯ ತೇವದಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ಇದನ್ನು ಚಿತ್ರ ಬರೆದು ಕಲಿಸುತ್ತಾರೆ. ಒಳಗಿಳಿದವನನ್ನು ಉಸಿರುಗಟ್ಟಿಸಿ ಕೊಲ್ಲುವುದೂ ಇದೇ ಅನಿಲ. ‘ಇಳಿಯುವ ಮೊದಲು ಗಾಳಿಯಾಡಿಸಬೇಕು’ ಎಂದು ಎಲ್ಲಾದರೂ ಒಂದು ಸಾಲು ಇದ್ದರೆ ಇದ್ದೀತು. ಸಿಮೆಂಟಿನ ಸಾವಿಗೆ ಒಂದು ಪುಟ, ಮನುಷ್ಯನ ಸಾವಿಗೆ ಒಂದು ಸಾಲು.

ಹೊರಗಿನ ಲೋಕದಲ್ಲಿ ಈ ಸಾವಿನ ಬಗ್ಗೆ ಕಾಯ್ದೆಯ ಮೇಲೆ ಕಾಯ್ದೆ ಬಂದಿದೆ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ. 2014ರಲ್ಲಿ ಸುಪ್ರೀಂ ಕೋರ್ಟು ಚರಂಡಿಯಲ್ಲಿ ಸತ್ತವನ ಮನೆಯವರಿಗೆ 10 ಲಕ್ಷ ಕೊಡಿ ಎಂದಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಪರಿಹಾರ ಏರಿತು, ಇಳಿಯುವುದು ನಿಲ್ಲಲಿಲ್ಲ. ಕಾಯ್ದೆ ಓದುವ ವಿದ್ಯಾರ್ಥಿಗೆ ಇದು ಪಾಠ. ಇಂಜಿನಿಯರಿಂಗ್ ವಿದ್ಯಾರ್ಥಿಗೆ ಪಾಠವಲ್ಲ. ಆದರೆ ಆ ತೂತಿನ ನಕ್ಷೆ ಬರೆಯುವವನು ವಕೀಲನಲ್ಲ, ಇಂಜಿನಿಯರ್. ಟೆಂಡರಿಗೆ ರುಜು ಹಾಕುವವನೂ ಇಂಜಿನಿಯರ್.

ಕೇರಳದಲ್ಲಿ ಇಂಜಿನಿಯರಿಂಗ್ ಓದಿ ಹೊರಬಂದ ಕೆಲವು ಹುಡುಗರು ಮ್ಯಾನ್‌ಹೋಲಿಗೆ ಮನುಷ್ಯನ ಬದಲು ಇಳಿಯುವ ಯಂತ್ರ ಮಾಡಿದರು. ಬ್ಯಾಂಡಿಕೂಟ್ ಎಂದು ಅದರ ಹೆಸರು. 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿಯಿತು. ಕೈಯಂಥ ಒಂದು ಅಂಗ, ಒಳಗೆ ನೋಡಲು ಕ್ಯಾಮರಾ, ಮೇಲೆ ನಿಂತು ನಡೆಸುವವನು ಒಬ್ಬ. ಇದರೊಳಗಿನ ಯಾವ ಭಾಗವೂ ದೇವಲೋಕದಿಂದ ಬಂದದ್ದಲ್ಲ. ಇಷ್ಟು ವರ್ಷ ಯಾಕೆ ತಡವಾಯಿತು? ಬುದ್ಧಿ ಸಾಲದ್ದಕ್ಕಲ್ಲ. ಇಳಿಯುವವನು ಯಂತ್ರಕ್ಕಿಂತ ಅಗ್ಗವಾಗಿ ಸಿಗುತ್ತಿದ್ದ, ಅದಕ್ಕೆ. ಯಾವುದು ಸಮಸ್ಯೆ, ಯಾವುದು ಸಮಸ್ಯೆಯಲ್ಲ ಎಂದು ತೀರ್ಮಾನಿಸುವುದೇ ಪಾಠಪಟ್ಟಿಯ ರಾಜಕಾರಣ.

ನಮ್ಮ ಹಳ್ಳಿಗಳಿಗೆ ಒಳಚರಂಡಿಯೇ ಇಲ್ಲ, ಇಲ್ಲೇನು ಸಂಬಂಧ ಅನ್ನಬೇಡಿ. ಇಲ್ಲಿ ಸಂಡಾಸದ ಗುಂಡಿಗಳಿವೆ. ಎರಡು ಗುಂಡಿಯ ಸಂಡಾಸ ಎಂಬ ವಿನ್ಯಾಸವಿದೆ. ಒಂದು ಗುಂಡಿ ತುಂಬಿದ ಮೇಲೆ ಹರಿವನ್ನು ಎರಡನೆಯದಕ್ಕೆ ತಿರುಗಿಸಿ ಮೊದಲನೆಯದನ್ನು ಒಂದೆರಡು ವರ್ಷ ಮುಚ್ಚಿಟ್ಟರೆ ಅದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಮನೆಯವರೇ ಸಲಿಕೆ ಹಿಡಿದು ತೆಗೆಯಬಹುದು. ಒಂದೇ ದೊಡ್ಡ ಗುಂಡಿ ತೋಡಿದರೆ ಅದು ತುಂಬಿದ ದಿನ ಯಾರನ್ನೋ ಕರೆಯಬೇಕಾಗುತ್ತದೆ, ಯಾರನ್ನು ಕರೆಯುತ್ತಾರೆ ಎಂದು ಎಲ್ಲರಿಗೂ ಗೊತ್ತು. ನೋಡಿ ಗೆಳೆಯರೇ, ಒಂದು ನಕ್ಷೆ ಜಾತಿಯನ್ನು ಕರೆಯುತ್ತದೆ, ಇನ್ನೊಂದು ನಕ್ಷೆ ಕರೆಯುವುದಿಲ್ಲ. ಇನ್ನು ಮಲಪ್ರಭೆಯ ದಂಡೆಯ ಎರೆ ಭೂಮಿಯಲ್ಲಿ ನೀರು ಬೇಗ ಇಂಗುವುದಿಲ್ಲ. ಇಲ್ಲಿ ಗುಂಡಿಯನ್ನು ದೊಡ್ಡದು ಮಾಡಬೇಕು, ಸುತ್ತ ಉಸುಕು ತುಂಬಬೇಕು. ಮಣ್ಣಿನ ಗುಣ, ನೀರಿನ ಹರಿವು, ಗೋಡೆಯ ಬಲ, ಖರ್ಚಿನ ಲೆಕ್ಕ ಎಲ್ಲ ಇದರೊಳಗೆ ಬರುತ್ತದೆ. ನಾಲ್ಕು ವರ್ಷದ ಓದಿನ ಅರ್ಧ ವಿಷಯವನ್ನು ಈ ಒಂದು ಗುಂಡಿಯ ದಂಡೆಯ ಮೇಲೆ ನಿಂತು ಕಲಿಸಬಹುದು. ಯಾವ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಇದನ್ನು ನೋಡಿದ್ದೀರಿ?

4

ಎರಡನೆಯ ಪುಟ ಕಂಪ್ಯೂಟರಿನದು. ಅದರ ಚರಿತ್ರೆ ಕಲಿಸುವಾಗ ಫ್ರಾನ್ಸಿನ ಜಕಾರ್ಡನ ಹೆಸರು ಬರುತ್ತದೆ. 1804ರ ಸುಮಾರಿಗೆ ಆತ ತೂತು ಹೊಡೆದ ರಟ್ಟುಗಳಿಂದ ನಡೆಯುವ ಮಗ್ಗ ಮಾಡಿದ. ತೂತಿದ್ದಲ್ಲಿ ಸೂಜಿ ಒಳಹೋಗಿ ಎಳೆ ಮೇಲೇಳುತ್ತದೆ, ತೂತಿಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಈ ರಟ್ಟಿನ ಉಪಾಯವನ್ನೇ ಎತ್ತಿಕೊಂಡ. ಅಮೆರಿಕದ ಹಾಲರಿತ್ 1890ರ ಜನಗಣತಿಗೆ ತೂತಿನ ರಟ್ಟು ಬಳಸಿದ. ಇವತ್ತಿನ ಒಂದು-ಸೊನ್ನೆಯ ಭಾಷೆಗೆ ಮಗ್ಗದ ಮನೆಯ ನೆಂಟಸ್ತನ ಇದೆ ಅಂದಹಾಗಾಯಿತು. ನಮ್ಮ ಸುರೇಬಾನದಾಗ, ರಾಮದುರ್ಗದಾಗ ಮಗ್ಗದ ಸಪ್ಪಳ ಕೇಳಿ ಬೆಳೆದ ಹುಡುಗರು ಈ ಪಾಠವನ್ನು ಫ್ರಾನ್ಸಿನ ಪಾಠವೆಂದೇ ಬರೆದುಕೊಳ್ಳುತ್ತಾರೆ. ಎಳಿ ಮ್ಯಾಲ, ಎಳಿ ಕೆಳಗ ಅಂತ ದಿನಾ ಲೆಕ್ಕ ಹಾಕೂ ಅವ್ವ ಮನ್ಯಾಗ ಕುಂತಾಳ. ಆಕಿ ಲೆಕ್ಕಕ್ಕ ಯಾರೂ ಮಾರ್ಕ್ಸ್ ಕೊಡೂದಿಲ್ಲ.

ನೇಕಾರರಿಗೆ ಊರೊಳಗೆ ಜಾಗವಾದರೂ ಇತ್ತು. ಡೋರರಿಗೆ, ಸಮಗಾರರಿಗೆ, ಮಾದರಿಗೆ ಅದೂ ಇರಲಿಲ್ಲ. ಅವರ ಕೈಯಲ್ಲಿದ್ದ ರಸಾಯನಶಾಸ್ತ್ರವನ್ನು ಯಾರಾದರೂ ರಸಾಯನಶಾಸ್ತ್ರ ಎಂದು ಕರೆದಿದ್ದಾರೆಯೇ? ಸುಣ್ಣದ ನೀರಿನಲ್ಲಿ ನೆನೆಸಿದರೆ ತೊಗಲಿನ ಕೂದಲು ಸಡಿಲಾಗುತ್ತದೆ. ತಂಗಡಿ ತೊಗಟೆಯ ರಸದಲ್ಲಿ ಹದ ಮಾಡಿದರೆ ತೊಗಟೆಯ ಒಗರು ತೊಗಲಿನ ಎಳೆಗಳನ್ನು ಹಿಡಿದು ಅದು ಕೊಳೆಯದ ಹಾಗೆ ನಿಲ್ಲುತ್ತದೆ. ಇದನ್ನೇ ಕಾಲೇಜಿನಲ್ಲಿ ಟ್ಯಾನಿನ್ ಮತ್ತು ಕೊಲ್ಯಾಜನ್ ಎಂದು ಕಲಿಸುತ್ತಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನಿನ ಪ್ರದರ್ಶನದಲ್ಲಿ ಹೆಸರು ಹೇಳದೆ ತೋರಿಸಿತು. ಗದ್ದಲವಾದ ಮೇಲೆ ಮೂಲ ಒಪ್ಪಿಕೊಂಡಿತು. ಅದೇ ಚಪ್ಪಲಿ ಹೊಲಿಯುವವನನ್ನು ಊರು ಹೊಸ್ತಿಲ ಹೊರಗೆ ನಿಲ್ಲಿಸಿತ್ತು.

ನಮ್ಮ ಊರ ಹತ್ತಿರ ಶಬರಿಕೊಳ್ಳ ಇದೆ. ಶಬರಿ ರಾಮನಿಗೆ ಹಣ್ಣು ಕೊಟ್ಟಳೆಂದು ಜನ ಅಲ್ಲಿಗೆ ಬರುತ್ತಾರೆ. ಕಥೆ ಹೇಳುವವರು ಅವಳ ಭಕ್ತಿಯನ್ನು ಹೊಗಳುತ್ತಾರೆ, ಎಂಜಲು ತಿಂದವನ ದೊಡ್ಡತನವನ್ನು ಹೊಗಳುತ್ತಾರೆ. ಕಾಡಿನ ಹಣ್ಣಿನಲ್ಲಿ ಯಾವುದು ಸಿಹಿ ಎಂದು ಒಂದೊಂದನ್ನೂ ಕಚ್ಚಿ, ನೋಡಿ, ಆರಿಸಿದ ಅವಳ ತಿಳಿವಳಿಕೆಯನ್ನು ಯಾರೂ ಹೊಗಳುವುದಿಲ್ಲ. ಪರೀಕ್ಷೆ ಮಾಡಿ ಆರಿಸುವುದು ಅಂದರೆ ಅದಲ್ಲದೆ ಮತ್ತೇನು? ಕೆಳಗಿನವರು ತಿಳಿದದ್ದು ಭಕ್ತಿಯಾಗುತ್ತದೆ, ಕೈಚಳಕವಾಗುತ್ತದೆ, ಕುಲಕಸುಬಾಗುತ್ತದೆ. ಶಾಸ್ತ್ರ ಮಾತ್ರ ಆಗುವುದಿಲ್ಲ.

ಇಲ್ಲೊಂದು ಎಚ್ಚರ ಬೇಕು. ಕುಲಕಸುಬನ್ನು ಹೊಗಳುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. 2023ರ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಪಟ್ಟಿ ಮಾಡಿ, ಗುರು-ಶಿಷ್ಯ ಪರಂಪರೆ, ಮನೆತನದ ವಿದ್ಯೆ ಎಂದು ಹಾಡಿ ಸಾಲ ಕೊಡಲು ಮುಂದಾಯಿತು. ಕಸುಬಿನ ಹೆಸರಿನಲ್ಲಿ ಜಾತಿಯನ್ನು ಸಮರ್ಥಿಸುವ ವಾದವನ್ನು ಅಂಬೇಡ್ಕರರು 1936ರಲ್ಲೇ ಬುಡಮೇಲು ಮಾಡಿದ್ದಾರೆ. ಸಮಗಾರನ ಮಗ ಚಪ್ಪಲಿಯನ್ನೇ ಹೊಲಿಯಲಿ ಎನ್ನುವ ಹೊಗಳಿಕೆ ನಮಗೆ ಬೇಡ. ಅವನು ಬೇಕಾದರೆ ರಾಕೆಟ್ಟು ಮಾಡಲಿ, ಬೇಕಾದರೆ ಬ್ಯಾಂಕಿನಲ್ಲಿ ಕೂಡಲಿ. ನಾವು ಕೇಳುವುದು ಬೇರೆ: ಅವನ ಅಪ್ಪನ ಕೈಯಲ್ಲಿರುವ ತಿಳಿವಳಿಕೆ ಎಲ್ಲ ಜಾತಿಯ ಹುಡುಗರ ಪಾಠವಾಗಬೇಕು. ತಂಗಡಿ ತೊಗಟೆಯ ಪ್ರಯೋಗವನ್ನು ಲ್ಯಾಬಿನಲ್ಲಿ ಅಯ್ಯನ ಮಗನೂ ಮಾಡಬೇಕು, ಗೌಡನ ಮಗಳೂ ಮಾಡಬೇಕು. ತೊಗಲು ಮುಟ್ಟಿದ ಕೈಯಿಂದಲೇ ರೆಕಾರ್ಡು ಬರೆಯಬೇಕು.

5

ಇನ್ನು ಭಾಷೆಯ ಪ್ರಶ್ನೆ. ಕನ್ನಡದಲ್ಲಿ ಓದಿದ್ದಕ್ಕೆ ನೂರಕ್ಕೆ 5 ಸೀಟು ಕೊಡುವ ವ್ಯವಸ್ಥೆ, ಒಳಗೆ ಬಂದ ಮೇಲೆ ಕನ್ನಡ ಬಿಡದಿದ್ದಕ್ಕೆ ಅದೇ ಹುಡುಗನನ್ನು ನಾಪಾಸು ಮಾಡುತ್ತದೆ. ಮೊದಲ ವರ್ಷದ ಗಣಿತದಲ್ಲಿ ಬೀಳುವ ನಮ್ಮ ಹುಡುಗರಲ್ಲಿ ಅನೇಕರು ಗಣಿತಕ್ಕೆ ಬಿದ್ದವರಲ್ಲ. ಪ್ರಶ್ನೆಯ ಇಂಗ್ಲಿಷಿಗೆ ಬಿದ್ದವರು.

2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಬಿ.ಇ. ಕಲಿಸಲು ಒಪ್ಪಿಗೆ ಕೊಟ್ಟಿತು. ಕರ್ನಾಟಕದ ಕೆಲವು ಕಾಲೇಜುಗಳು ಕನ್ನಡದಲ್ಲಿ ಸೀಟು ತೆರೆದವು. ಬಂದವರು ಬೆರಳೆಣಿಕೆಯಷ್ಟು. ಪತ್ರಿಕೆಗಳು ಇದನ್ನು ಕನ್ನಡಿಗರ ಅಭಿಮಾನಶೂನ್ಯತೆ ಎಂದು ಬರೆದರೆ ನಾವು ಒಪ್ಪುವುದಿಲ್ಲ. ಆ ಹುಡುಗರು ದಡ್ಡರಲ್ಲ. ಕನ್ನಡದಲ್ಲಿ ಬಿ.ಇ. ಮಾಡಿದವನಿಗೆ ಯಾವ ಕಂಪನಿ ಬಾಗಿಲು ತೆರೆಯುತ್ತದೆ ಎಂದು ಅವರು ಕೇಳಿಕೊಂಡರು, ಉತ್ತರ ಸಿಗಲಿಲ್ಲ. ಕನ್ನಡದಾಗ ಇಂಜಿನಿಯರಿಂಗ್ ಕಲೀರಿ ಅಂತ ಭಾಷಣ ಮಾಡೋರ ಮಕ್ಕಳು ಯಾವ ಮಾಧ್ಯಮದಾಗ ಕಲ್ತಾರ? 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದದ್ದಕ್ಕೆ, ನಮ್ಮವರು ಇಂಗ್ಲಿಷ್ ಕಲಿಯಬೇಕು ಎಂದದ್ದಕ್ಕೆ ಊರೂರಲ್ಲಿ ಗಲಾಟೆಯಾಯಿತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಇಂಗ್ಲಿಷ್ ಅಧಿಕಾರದ ಭಾಷೆ ಎಂಬ ಅವರ ಮಾತಿಗೆ ಇವತ್ತಿಗೂ ಯಾರ ಬಳಿಯೂ ಉತ್ತರವಿಲ್ಲ. ಇಂಗ್ಲಿಷನ್ನು ಅವರು ಇಟ್ಟುಕೊಂಡು ಕನ್ನಡವನ್ನು ನಮಗೆ ಬಿಟ್ಟುಕೊಡುವ ಔದಾರ್ಯ ನಮಗೆ ಬೇಕಿಲ್ಲ.

ಹಾಗಾದರೆ ಕನ್ನಡ ಬೇಡವೇ? ಬೇಕು, ಬೇರೆ ಕೋಣೆಯಲ್ಲಿ ಅಲ್ಲ. ಅದೇ ಕ್ಲಾಸಿನಲ್ಲಿ, ಅದೇ ಬೋರ್ಡಿನ ಮೇಲೆ ಬೇಕು. ಸ್ಟ್ರೆಸ್ ಮತ್ತು ಸ್ಟ್ರೇನ್ ಎಂಬ ಎರಡು ಶಬ್ದ ತೆಗೆದುಕೊಳ್ಳಿ. ಪಿಯುಸಿವರೆಗೆ ಓದಿ ಬಂದ ಹುಡುಗಿಗೆ ಎರಡೂ ಒಂದೇ ಅನಿಸುತ್ತವೆ. ಬಾವಿಯಿಂದ ನೀರು ಎತ್ತುತ್ತಿದ್ದ ತೊಗಲಿನ ಮಿಣಿಯನ್ನು ನೆನೆಸಿ ಹೇಳಿ ನೋಡಿ. ಭಾರ ಬಿದ್ದಾಗ ಮಿಣಿ ಒಳಗೊಳಗೇ ಬಿಗಿಹಿಡಿದು ತಡೆಯುತ್ತದಲ್ಲ, ಆ ತಡೆಯನ್ನು ಮಿಣಿಯ ದಪ್ಪಕ್ಕೆ, ಅಂದರೆ ಅದರ ಕೊಯ್ದ ಮೈಯ ಅಳತೆಗೆ, ಭಾಗಿಸಿದರೆ ಸ್ಟ್ರೆಸ್. ಮೊದಲಿದ್ದ ಉದ್ದದಲ್ಲಿ ಎಷ್ಟು ಪಾಲು ಹೆಚ್ಚು ಜಗ್ಗಿತು ಎಂಬುದು ಸ್ಟ್ರೇನ್. ಮಿಣಿ ಹೊಸೆಯುವ ಮಾದರ ಮುದುಕನಿಗೆ ಎಷ್ಟು ಜಗ್ಗಿದರೆ ತಿರುಗಿ ಬರುತ್ತದೆ, ಎಷ್ಟು ಜಗ್ಗಿದರೆ ತಿರುಗಿ ಬರುವುದಿಲ್ಲ ಎಂದು ಗೊತ್ತಿತ್ತು. ಆ ಗಡಿಯ ಹೆಸರೇ ಎಲಾಸ್ಟಿಕ್ ಲಿಮಿಟ್. ಶಬ್ದ ಇಂಗ್ಲಿಷಿನಲ್ಲಿ ಇರಲಿ, ಅದು ನಾಳೆ ಅನ್ನ ಕೊಡುತ್ತದೆ. ತಿಳಿವಳಿಕೆ ಕನ್ನಡದಲ್ಲಿ ಬರಲಿ. ಉತ್ತರವನ್ನು ಎರಡರಲ್ಲಿ ಯಾವುದರಲ್ಲಾದರೂ, ಎರಡನ್ನೂ ಬೆರೆಸಿಯಾದರೂ ಬರೆಯುವ ಹಕ್ಕು ಇರಲಿ.

ಈಗಿನ ಪಾಠಪಟ್ಟಿಯಲ್ಲಿ ಕನ್ನಡ ಇಲ್ಲವೆಂದಲ್ಲ. ‘ಸಾಂಸ್ಕೃತಿಕ ಕನ್ನಡ’, ‘ಬಳಕೆ ಕನ್ನಡ’ ಎಂಬ ಪುಟ್ಟ ವಿಷಯಗಳಿವೆ. ಅಂದರೆ ಕನ್ನಡಕ್ಕೆ ಸಂಸ್ಕೃತಿಯಾಗಿ ಒಳಗೆ ಪ್ರವೇಶವಿದೆ, ಜ್ಞಾನವಾಗಿ ಇಲ್ಲ. ಹಬ್ಬದ ದಿನ ಕರೆಸಿ ಅಂಗಳದಲ್ಲಿ ಕೂಡಿಸಿ ಕಳಿಸುವ ಹಾಗೆ.

6

ವಿಟಿಯು 2021ರ ಸ್ಕೀಮಿನಲ್ಲಿ ‘ಸೋಷಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ’ ಎಂಬ ವಿಷಯ ತಂದಿತು. ಒಂದು ಗಿಡ ನೆಡುವುದು, ಹೆರಿಟೇಜ್ ವಾಕ್ ಮಾಡುವುದು, ಸಾವಯವ ಕೃಷಿ ನೋಡುವುದು, ನೀರು ಉಳಿಸುವುದನ್ನು ತಿಳಿಯುವುದು, ಫುಡ್ ವಾಕ್ ಎಂದು ಊಟದ ಪದ್ಧತಿ ನೋಡುವುದು ಅದರೊಳಗಿವೆ. ಉದ್ದೇಶ ಕೆಟ್ಟದ್ದೆನ್ನಲಾಗದು. ಆದರೆ ಈ ಪಾಠದೊಳಗೆ ಯಾರು ಕೂತಿದ್ದಾರೆಂದು ಬರೆದವರು ಊಹಿಸಿಕೊಂಡಿದ್ದಾರೆ ನೋಡಿ. ಸಮಾಜವನ್ನು ನೋಡಲು ಹೊರಗೆ ಹೋಗಬೇಕಾದ ಹುಡುಗ. ನಮ್ಮ ಹುಡುಗಿ ಸಮಾಜದಿಂದಲೇ ಬಂದಾಳಲ್ರೀ, ಆಕಿ ಎಲ್ಲಿಗೆ ವಾಕ್ ಹೋಗಬೇಕು? ತನ್ನ ಓಣಿಗೇ? ಕೂಲಿಗೆ ಹೋಗುವ ಅವ್ವನ ಜೋಳದ ರೊಟ್ಟಿಯ ಫೋಟೋ ತೆಗೆದು ವರದಿ ಬರೆಯಬೇಕೇ? ಹಳ್ಳಿ ಇಲ್ಲಿ ನೋಡುವ ವಸ್ತು. ಹಳ್ಳಿಯೂ ತಿರುಗಿ ನೋಡುತ್ತದೆ ಎಂಬುದು ಪಾಠಪಟ್ಟಿಗೆ ಗೊತ್ತಿಲ್ಲ.

2014ರಲ್ಲಿ ಭಾರತ ವಾಷಿಂಗ್ಟನ್ ಅಕಾರ್ಡಿಗೆ ಸೇರಿದ ಮೇಲೆ ‘ಫಲಿತಾಂಶ ಆಧಾರಿತ ಶಿಕ್ಷಣ’ದ ಫೈಲುಗಳು ಕಾಲೇಜುಗಳನ್ನು ತುಂಬಿಕೊಂಡವು. ಪ್ರತಿ ಪಾಠದ ಮುಂದೆ ಅದರ ಫಲ ಏನು, ಅದು ಯಾವ ಗುರಿಗೆ ಕೂಡುತ್ತದೆ ಎಂದು ಮೇಷ್ಟ್ರುಗಳು ಅಂಕಿ ತುಂಬುತ್ತಾರೆ. ಆ ಗುರಿಗಳಲ್ಲಿ ಸಮಾಜಕ್ಕೆ ಸಂಬಂಧಿಸಿದ್ದೂ ಒಂದು. ಮ್ಯಾನ್‌ಹೋಲಿನ ಪಾಠದ ಎದುರು ಆ ಕಲಮಿನಲ್ಲಿ ಒಂದು ಅಂಕಿ ಬೀಳುತ್ತದೆ. ಕಲಮು ತುಂಬಿತು, ಗುಂಡಿ ಹಾಗೇ ಉಳಿಯಿತು. ಅನೇಕ ಮೇಷ್ಟ್ರುಗಳಿಗೆ ಇದು ಬೇಸರ ತಂದಿದೆ ಎಂಬುದೂ ನಮಗೆ ಗೊತ್ತು. ಫೈಲಿನ ಕೂಲಿಯಿಂದ ಅವರಿಗೂ ಬಿಡುಗಡೆ ಬೇಕು.

7

ಪಾಠವನ್ನು ಸುಲಭ ಮಾಡಿ ಎಂದು ನಾವು ಕೇಳುತ್ತಿಲ್ಲ. ಹೊಸ ಪೀಳಿಗೆಯ ಹೆಸರಿನಲ್ಲಿ ಪಾಠವನ್ನು ತೆಳ್ಳಗೆ ಮಾಡಿದರೆ ಸಾಯುವವರು ನಾವೇ. ಉಳ್ಳವರ ಹುಡುಗ ಕ್ಲಾಸಿನಲ್ಲಿ ಸಿಗದ್ದನ್ನು ಕೋಚಿಂಗಿನಲ್ಲಿ ಕೊಳ್ಳುತ್ತಾನೆ, ಮಾವನ ಕಂಪನಿಯಲ್ಲಿ ಕಲಿಯುತ್ತಾನೆ. ನಮ್ಮ ಹುಡುಗಿಗೆ ಕ್ಲಾಸ್ ಒಂದೇ ಗತಿ. ಅಲ್ಲಿ ಅರ್ಧ ಸಿಕ್ಕರೆ ಜೀವನಪೂರ್ತಿ ಅರ್ಧವೇ. ಗಣಿತ ಪೂರ್ತಿ ಬೇಕು, ಥಿಯರಿ ಪೂರ್ತಿ ಬೇಕು, ಇಂಗ್ಲಿಷೂ ಬೇಕು. ಅವುಗಳ ಹತ್ತಿರ ಹೋಗುವ ದಾರಿ ನಮ್ಮ ಓಣಿಯಿಂದಲೂ ಶುರುವಾಗಬೇಕು.

ಆಗಬೇಕಾದ ಕೆಲಸಗಳನ್ನು ಬಿಡಿಸಿ ಹೇಳುತ್ತೇವೆ. ಒಳಚರಂಡಿಯ ಪಾಠದಲ್ಲಿ 2013ರ ಕಾಯ್ದೆ ಕಡ್ಡಾಯವಾಗಿ ಬರಬೇಕು. ಮನುಷ್ಯ ಇಳಿಯಬೇಕಾದ ಯಾವ ನಕ್ಷೆಗೂ ಮಾರ್ಕ್ಸ್ ಸಿಗಬಾರದು. ಮೊದಲ ವರ್ಷದ ಗಣಿತ, ಮೆಕ್ಯಾನಿಕ್ಸುಗಳಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಪ್ರತ್ಯೇಕ ತಾಸು ವೇಳಾಪಟ್ಟಿಯೊಳಗೇ ಇರಬೇಕು, ಸಂಜೆ ದಾನ ಮಾಡುವ ಹಾಗೆ ಅಲ್ಲ. ಐಟಿಐ, ಡಿಪ್ಲೊಮಾ ಮಾಡಿ ಎರಡನೆಯ ವರ್ಷಕ್ಕೆ ಬಂದು ಸೇರುವ ಹುಡುಗರಿಗೆ ಯಂತ್ರದ ಕೈ ಗೊತ್ತಿರುತ್ತದೆ, ಗಣಿತ ಹಿಂದಿರುತ್ತದೆ. ಪಿಯುಸಿಯಿಂದ ಬಂದವರಿಗೆ ಇದರ ಉಲ್ಟಾ. ಇಬ್ಬರನ್ನೂ ಜೋಡಿ ಕೂಡಿಸಿದರೆ ಒಬ್ಬರಿಗೊಬ್ಬರು ಮೇಷ್ಟ್ರು. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಪೇಟೆಯಲ್ಲಿ ಕೊಂಡು ತಂದ ಮಾದರಿಗಳ ಬದಲು ಊರಿನ ಪ್ರಶ್ನೆಗಳು ಬರಲಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ದಂಡೆಯ ಊರುಗಳಿಗೆ ನುಗ್ಗಿದಾಗ ನೀರು ಎಲ್ಲಿಯವರೆಗೆ ಬಂತು, ಯಾರ ಓಣಿ ಮೊದಲು ಮುಳುಗಿತು, ಅದು ತಗ್ಗಿನಲ್ಲಿ ಇದ್ದದ್ದು ಯಾಕೆ ಎಂಬುದನ್ನು ಅಳೆದು ನಕ್ಷೆ ಮಾಡಲಿ. ಮಟ್ಟ ಅಳೆಯುವ ಉಪಕರಣ ಪ್ರತಿ ಕಾಲೇಜಿನಲ್ಲೂ ಇದೆ. ಕಪಾಟಿನೊಳಗೆ.

ಮೊಬೈಲಿನಲ್ಲಿ ಬಂದಿರುವ ಹೊಸ ಯಂತ್ರಬುದ್ಧಿಯನ್ನು ನಾವು ಬೈಯುವುದಿಲ್ಲ. ಹತ್ತು ಸಲ ಕೇಳಿದರೂ ಮುಖ ಸಿಂಡರಿಸದೆ ಕನ್ನಡದಲ್ಲೇ ಉತ್ತರ ಕೊಡುವ ಅದು ಸಂಕೋಚದ ಹುಡುಗಿಗೆ ಒಂದು ಆಸರೆ. ಆದರೆ ಅದು ತಪ್ಪು ಹೇಳಿದಾಗ ತಪ್ಪೆಂದು ಗುರುತಿಸುವ ತಳಪಾಯ ಕ್ಲಾಸಿನಲ್ಲೇ ಬೀಳಬೇಕು. ಯಾವ ಪ್ರಶ್ನೆ ಕೇಳಬೇಕೆಂದು ಯಂತ್ರ ಕಲಿಸುವುದಿಲ್ಲ. ಅದನ್ನು ಚಳವಳಿ ಕಲಿಸುತ್ತದೆ.

ಹಳ್ಳಿಯ ಮಾಸ್ತರುಗಳಲ್ಲಿ ಒಂದು ವಿನಂತಿ. ನಿಮ್ಮ ಸಾಲಿಯಿಂದ ಇಂಜಿನಿಯರಿಂಗಿಗೆ ಹೋದ ಮಕ್ಕಳ ಹೆಸರು ಬರೆದಿಡಿ. ಮೊದಲ ವರ್ಷ ಯಾರು ಬಿದ್ದರು, ಯಾವ ವಿಷಯಕ್ಕೆ ಬಿದ್ದರು, ಯಾರು ಬಿಟ್ಟು ಮನೆಗೆ ಬಂದು ಕೂತರು ಎಂದು ವಿಚಾರಿಸಿ. ಬಿದ್ದವರನ್ನು ದಡ್ಡರೆಂದು ಊರು ಅನ್ನುವ ಮೊದಲು ನೀವು ಅವರ ಮನೆಗೆ ಹೋಗಿ. ಕಾರ್ಯಕರ್ತ ಗೆಳೆಯರು ಹಾಸ್ಟೆಲು, ವಿದ್ಯಾರ್ಥಿವೇತನದ ಹೋರಾಟದ ಜೊತೆಗೆ ಪಾಠಪಟ್ಟಿಯನ್ನೂ ಹೋರಾಟದ ವಿಷಯ ಮಾಡಲಿ. ಸೀಟಿಗಾಗಿ ಹೋರಾಡಿದವರು ಸಿಲಬಸ್ಸಿಗಾಗಿಯೂ ಹೋರಾಡಬೇಕು.

ಈಗ ಬೆಂಚಿನ ಮೇಲೆ ಕೂತ ತಮ್ಮ-ತಂಗಿಯರೇ, ನೀವೇ ಹೊಸ ಪೀಳಿಗೆ. ಮುಂದಿನ ಸೆಮಿಸ್ಟರಿನಲ್ಲಿ ಮ್ಯಾನ್‌ಹೋಲಿನ ಚಿತ್ರ ಬೋರ್ಡಿನ ಮೇಲೆ ಬಂದಾಗ ಕೈ ಎತ್ತಿ ಕೇಳಿ: ಸರ್, ಇದರೊಳಗೆ ಇಳಿಯುವವರು ಯಾರು? ಉತ್ತರ ಬರುವ ತನಕ ಕೈ ಇಳಿಸಬೇಡಿ.